ನಾನೇ ತುಂಬಿದ ‘ಬಿ’ ಗ್ರೇಡು

2023ರ ಆಗಸ್ಟ್ ತಿಂಗಳ ಸಮಾಲೋಚನಾ ಸಭೆಯಲ್ಲಿ ನಾನು ಎದ್ದುನಿಂತು ಆಡಿದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ. “ಕೈಯಾಗ ಕೋಲಿಲ್ಲ, ಫೇಲ್ ಮಾಡಂಗಿಲ್ಲ. ಮತ್ತ ಹುಡುಗರು ಯಾಕ ಅಂಜಬೇಕು?” ರಾಯಚೂರು ಜಿಲ್ಲೆಯ ನಮ್ಮ ಕ್ಲಸ್ಟರಿನ ಶಿಕ್ಷಕರು ಚಪ್ಪಾಳೆ ತಟ್ಟಿದರು. ಆ ಹುರುಪಿನಲ್ಲೇ ಇನ್ನೊಂದು ಮಾತು ಸೇರಿಸಿದೆ: ಕಾಯಂ ನೇಮಕಾತಿ ಬಿಟ್ಟು ಅತಿಥಿ ಶಿಕ್ಷಕರಿಂದ ಶಾಲೆ ನಡೆಸಿದರೆ ಶಿಸ್ತು ಎಲ್ಲಿಂದ ಬರಬೇಕು, ಅವರ ಮಾತನ್ನು ಮಕ್ಕಳು ಕೇಳುವುದೇ ಇಲ್ಲ ಎಂದೆ. ನಮ್ಮ ಶಾಲೆಯಲ್ಲಿ ಗಣಿತ-ವಿಜ್ಞಾನ ಕಲಿಸುತ್ತಿದ್ದ ಅತಿಥಿ ಶಿಕ್ಷಕಿ ಹಿಂದಿನ ಸಾಲಿನಲ್ಲೇ ಕೂತಿದ್ದರು. ಟಿಇಟಿ ಪಾಸಾಗಿದ್ದವರು. 2022ರಲ್ಲಿ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗೆ ಪರೀಕ್ಷೆ ಬರೆದು ಸ್ವಲ್ಪದರಲ್ಲಿ ಕೈತಪ್ಪಿಸಿಕೊಂಡವರು. ತಿಂಗಳಿಗೆ 10,000 ರೂಪಾಯಿ ಗೌರವಧನ. ಅದೂ ತಿಂಗಳಿಗೆ ಸರಿಯಾಗಿ ಬರುತ್ತಿರಲಿಲ್ಲ. ಅವರು ತಲೆ ತಗ್ಗಿಸಿ ನೋಟ್‌ಬುಕ್ಕಿನಲ್ಲಿ ಏನೋ ಬರೆದುಕೊಳ್ಳುತ್ತಿದ್ದುದನ್ನು ನೋಡಿದೆ. ನೋಡಿಯೂ ಮಾತು ನಿಲ್ಲಿಸಲಿಲ್ಲ.

ನನ್ನ ಮಾತಿನ ಹಿಂದೆ ಒಬ್ಬ ಹುಡುಗನಿದ್ದ. ಎಂಟನೇ ತರಗತಿಯವನು. ಆರನೇ ತರಗತಿಯಿಂದ ಅವನಿಗೆ ಕನ್ನಡ ಕಲಿಸಿದವನು ನಾನೇ. ಪಾಠ ಓದಿಸಲು ಶುರು ಮಾಡಿದೆನೆಂದರೆ ಸಾಕು, ಅವನ ಗದ್ದಲವೂ ಶುರು. ಪಕ್ಕದವನನ್ನು ಚಿವುಟುವುದು, ಬಾಗಿಲಾಚೆ ಹೋಗುವವರಿಗೆ ಸಿಳ್ಳೆ ಹಾಕುವುದು. ಹೊರಗೆ ಕಳಿಸುತ್ತಿದ್ದೆ. ನವೆಂಬರಿನಲ್ಲಿ ಒಂದು ದಿನ ತಾಳ್ಮೆ ತಪ್ಪಿತು. ನಾಲ್ಕು ದಿನ ಬ್ಯಾಗ್ ಹೊರಿಸಿ ಧ್ವಜಸ್ತಂಭದ ಬಳಿ ನಿಲ್ಲಿಸಿದೆ. ಹಾಲು ಕುಡಿಯಲು ಲೋಟ ಹಿಡಿದು ಬರುವ ಒಂದನೇ ಎರಡನೇ ತರಗತಿಯ ಕೂಸುಗಳೆಲ್ಲ ಅವನನ್ನು ಸುತ್ತಿಕೊಂಡೇ ಹೋಗಬೇಕು. ಹೊಡೆದಿಲ್ಲವಲ್ಲ, ಕಾನೂನು ಮೀರಿಲ್ಲ ಎಂದು ನನಗೆ ಸಮಾಧಾನ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯ ಜೊತೆಗೇ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ತರಬೇತಿಯಲ್ಲಿ ಅದನ್ನು ಕೇಳಿದ್ದೆ, ಬರೆದುಕೊಂಡೂ ಇದ್ದೆ. ಐದನೇ ದಿನ ಹುಡುಗ ಬರಲಿಲ್ಲ. ಮರುವಾರವೂ ಇಲ್ಲ.

ಸ್ಟಾಫ್ ರೂಮಿನಲ್ಲಿ ಅತಿಥಿ ಶಿಕ್ಷಕಿಯೇ ವಿಷಯ ತೆಗೆದರು. “ಸರ್, ಅಂವ ನನ್ನ ಕ್ಲಾಸಿನ್ಯಾಗ ಗದ್ಲ ಮಾಡಂಗಿಲ್ರಿ. ಓದ್ಸೋ ಪಿರಿಯಡ್‌ನಾಗಷ್ಟ ಮಾಡ್ತಾನ. ತನ್ನ ಪಾಳಿ ಬರೋದ್ರಾಗ ಹೊರಗ ಹೋಗ್ಬೇಕಲ್ರಿ. ಅಂವಗ ಓದಾಕ ಬರಂಗಿಲ್ಲ ಸರ್. ಒತ್ತಕ್ಷರ ಬಂದ್ರ ನಿಂತುಬಿಡ್ತಾನ.”

ಬಿಸಿಯೂಟ ಮುಗಿದ ಮೇಲೆ ಬೇವಿನ ಗಿಡದ ಕೆಳಗೆ ದಿನಾ ಕಾಲು ಗಂಟೆ ಅವನನ್ನು ಕೂರಿಸಿಕೊಂಡು ಕಾಗುಣಿತ ದಾಟಿಸಿದ್ದರಂತೆ. ಅದು ಅವರ ವಿಷಯವಲ್ಲ, ಅವರ ತರಗತಿಯ ಕೆಲಸವೂ ಅಲ್ಲ. ಯಾರಿಗೂ ಹೇಳಿಕೊಂಡೂ ಇರಲಿಲ್ಲ.

ಅಂದು ಸಂಜೆ ಎಲ್ಲರೂ ಹೋದ ಮೇಲೆ ಅಂಕವಹಿ ತೆಗೆದೆ. ವರ್ಷಕ್ಕೆ ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಮೌಲ್ಯಮಾಪನ. ಆರು, ಏಳನೇ ತರಗತಿಯ ಪುಟಗಳಲ್ಲಿ ಅವನ ಹೆಸರಿನ ಮುಂದೆ ಕನ್ನಡಕ್ಕೆ ‘ಬಿ’, ‘ಬಿ’, ಒಂದು ಕಡೆ ‘ಬಿ ಪ್ಲಸ್’. ಅಕ್ಷರ ನನ್ನದೇ. ಯಾಕೆ ಬರೆದೆ? ‘ಸಿ’ ಬರೆದರೆ ಪರಿಹಾರ ಬೋಧನೆಯ ದಾಖಲೆ ಇಡಬೇಕು, ಯಾಕೆಂದು ಕೇಳುವವರಿಗೆ ಉತ್ತರ ಕೊಡಬೇಕು. ಇಲಾಖೆಯ ಎಸ್‌ಎಟಿಎಸ್ ಜಾಲತಾಣಕ್ಕೆ ಮಾಹಿತಿ ಏರಿಸುವ ಕೊನೆಯ ದಿನ ಹುಡುಗರ ಮುಖ ನೆನಪಿಸಿಕೊಳ್ಳುತ್ತ ಗ್ರೇಡು ತುಂಬಿದ್ದೆ. ಎರಡೂವರೆ ವರ್ಷದಲ್ಲಿ ಒಂದೇ ಒಂದು ಸಲ ಅವನನ್ನು ಒಬ್ಬನನ್ನೇ ಕರೆದು, ಪುಸ್ತಕ ಕೊಟ್ಟು, ಓದು ಎಂದಿರಲಿಲ್ಲ. ಎಲ್ಲರನ್ನೂ ಪಾಸು ಮಾಡುವ ನೀತಿ ಮಕ್ಕಳನ್ನು ಕೆಡಿಸಿತೆಂದು ಸಭೆಯಲ್ಲಿ ಗುಡುಗಿದವನು ನಾನು. ಆ ನೀತಿ ನನ್ನಿಂದ ಕೇಳಿದ್ದು ಮಗು ಎಲ್ಲಿ ನಿಂತಿದೆ ಎಂದು ಆಗಾಗ ನೋಡಿ ಬರೆದಿಡುವುದನ್ನು. ಅದನ್ನು ನಾನು ಮಾಡಿರಲಿಲ್ಲ.

ಅವನು ಓದು ತಪ್ಪಿಸಿಕೊಂಡದ್ದು ಎಲ್ಲಿ ಎಂಬುದು ನಿಧಾನವಾಗಿ ಹೊಳೆಯಿತು. ಅವನ ಮನೆಯವರು ಪ್ರತಿ ವರ್ಷ ಬೆಂಗಳೂರಿಗೆ ಗುಳೆ ಹೋಗುವವರು. ಮೂರನೇ ತರಗತಿವರೆಗೆ ನಲಿ-ಕಲಿ. ಮಗು ಎಲ್ಲಿ ಬಿಟ್ಟಿತ್ತೋ ಆ ಮೆಟ್ಟಿಲಿನಿಂದಲೇ, ಆ ಕಾರ್ಡಿನಿಂದಲೇ ಮತ್ತೆ ಹತ್ತಬಹುದು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶಿಕ್ಷಕರೇ ಸೇರಿ ಕಟ್ಟಿದ ಆ ಪದ್ಧತಿಯ ದೊಡ್ಡ ಗುಣವೇ ಅದು. ನಾಲ್ಕನೇ ತರಗತಿಯಿಂದ ಪಠ್ಯಪುಸ್ತಕ ಶುರುವಾಗುತ್ತದೆ. ಗುಳೆ ಹೋಗಿ ಬಂದವನಿಗಾಗಿ ಪಾಠ ಕಾಯುವುದಿಲ್ಲ. ಕಾಯಬೇಕಾದವನು ಶಿಕ್ಷಕ. ನಮ್ಮ ಶಾಲೆಯಲ್ಲಿ ಮಂಜೂರಾದ ಹುದ್ದೆಗಳಲ್ಲಿ ಅರ್ಧ ಖಾಲಿ, ಎರಡೆರಡು ತರಗತಿ ಒಟ್ಟಿಗೆ ನೋಡಬೇಕಿತ್ತು, ನಿಜ. ನೇಮಕಾತಿ ಆಗಲೇಬೇಕು ಎಂದು ಈಗಲೂ ಎಲ್ಲಿ ಬೇಕಾದರೂ ಹೇಳುತ್ತೇನೆ. ಆದರೆ ನಮ್ಮಲ್ಲಿ ಎಲ್ಲರಿಗಿಂತ ಕಡಿಮೆ ಸಂಬಳದವರು ಅದೇ ಶಾಲೆಯಲ್ಲಿ, ಅಷ್ಟೇ ಕೆಲಸದ ನಡುವೆ ಆ ಕಾಲು ಗಂಟೆ ಹುಡುಕಿಕೊಂಡಿದ್ದರು.

ಮರುದಿನ ಅವರಲ್ಲಿ ಕ್ಷಮೆ ಕೇಳಿದೆ, ಹುಡುಗನ ವಿಷಯಕ್ಕೂ, ಸಭೆಯ ಮಾತಿಗೂ. “ಇರ್ಲಿ ಬಿಡ್ರಿ ಸರ್” ಎಂದರು. ಅವರಿಗೆ ಆಗ ಮೂರು ತಿಂಗಳ ಗೌರವಧನ ಬರಬೇಕಿತ್ತು.

ಹುಡುಗನ ಮನೆಗೆ ಹೋದಾಗ ಕತ್ತಲಾಗಿತ್ತು. ಅವ್ವ-ಅಪ್ಪ ಆಗಲೇ ಗುಳೆ ಹೋಗಿದ್ದರು. ಅಜ್ಜಿ ಕಟ್ಟೆಯ ಮೇಲೆ ಕೂರಿಸಿದಳು. ಟಂಟಂನಿಂದ ಇಳಿದು ಬಂದವನ ತಲೆಯ ತುಂಬ ಹತ್ತಿಯ ಎಳೆ. ದಿನಕ್ಕೆ ಎಷ್ಟು ಕೆಜಿ ಬಿಡಿಸುತ್ತೀ ಎಂದೆ. ಕೆಜಿ ಹೇಳಿದ, ದರ ಹೇಳಿದ, ವಾರದ ಮೊತ್ತವನ್ನು ನಾನು ಲೆಕ್ಕ ಹಾಕುವುದರೊಳಗೆ ಬಾಯಲ್ಲೇ ಹೇಳಿಬಿಟ್ಟ. ತಪ್ಪು ನನ್ನದು, ಶಾಲೆಗೆ ಬಾ, ನಾನೇ ಕೂತು ಓದಿಸುತ್ತೇನೆ ಎಂದೆ. ತಲೆಯಾಡಿಸಿದ. ಬರಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ಬೆಂಗಳೂರಿಗೆ ಹೋದನಂತೆ.

2024ರ ಮಾರ್ಚಿನಲ್ಲಿ ಎಂಟನೇ ತರಗತಿಗೆ ಮಂಡಳಿಯ ಪರೀಕ್ಷೆ ಶುರುವಾಗಿ, ಕೋರ್ಟಿನ ಆದೇಶದಿಂದ ನಿಂತು, ಮತ್ತೆ ನಡೆಯಿತು. ಹಾಜರಿ ಪಟ್ಟಿಯಲ್ಲಿ ಅವನ ಹೆಸರೂ ಇತ್ತು. ಎದುರಿಗೆ ‘ಗೈರು’ ಎಂದು ಬರೆದೆ. ಏಪ್ರಿಲ್ 8ರಂದು ಸುಪ್ರೀಂ ಕೋರ್ಟ್ ಫಲಿತಾಂಶಕ್ಕೆ ತಡೆ ಕೊಟ್ಟಾಗ ನಮ್ಮವರ ನಡುವೆ ಮತ್ತೆ ಅದೇ ವಾದ, ಪಾಸೋ ಫೇಲೋ. ನಾನು ಬಾಯಿ ತೆರೆಯಲಿಲ್ಲ. ಅಂದು ಅವನು ಕೂತು ಬರೆದು ಫೇಲಾಗಿದ್ದರೆ, ಅವನಿಗೆ ಓದಲು ಬರುವುದಿಲ್ಲ ಎಂಬುದು ಎಂಟು ವರ್ಷ ತಡವಾಗಿ ಗೊತ್ತಾಗುತ್ತಿತ್ತು, ಅಷ್ಟೇ.

ಈಗ ಜೂನ್ ತಿಂಗಳಲ್ಲಿ ಪಾಠಕ್ಕಿಂತ ಮೊದಲು ಒಬ್ಬೊಬ್ಬರನ್ನೇ ಕರೆದು ಒಂದು ಪುಟ ಓದಿಸುತ್ತೇನೆ, ಬೇರೆ ಮಕ್ಕಳಿಗೆ ಕೇಳಿಸದಷ್ಟು ದೂರದಲ್ಲಿ. ಮೊದಲ ವರ್ಷ ಆರು ಮಕ್ಕಳು ಒತ್ತಕ್ಷರಕ್ಕೆ ನಿಂತರು. ಆರೂ ಹೆಸರಿನ ಮುಂದೆ ‘ಸಿ’ ಬರೆದೆ. ಆ ಅತಿಥಿ ಶಿಕ್ಷಕಿ ಮರುವರ್ಷ ಬರಲಿಲ್ಲ.

ಕಳೆದ ಯುಗಾದಿಗೆ ಹುಡುಗ ಊರಿಗೆ ಬಂದಿದ್ದ. ಸೆಂಟ್ರಿಂಗ್ ಕೆಲಸವಂತೆ, ಭುಜ ಅಗಲವಾಗಿತ್ತು. ಬಸ್‌ಸ್ಟ್ಯಾಂಡಿನಲ್ಲಿ ನನ್ನನ್ನು ಕಂಡು ತಾನಾಗಿಯೇ ಬಂದು ನಮಸ್ಕಾರ ಸರ್ ಎಂದ. ಹೇಗಿದ್ದೀ ಎನ್ನುವುದರೊಳಗೆ ಜೇಬಿನಿಂದ ಮೊಬೈಲ್ ತೆಗೆದು ನನ್ನ ಕೈಗಿಟ್ಟ.

“ಮೇಸ್ತ್ರಿ ಏನೋ ಬರ್ದು ಕಳಿಸ್ಯಾನ್ರಿ ಸರ್. ಒಂದೀಟು ಓದಿ ಹೇಳ್ರಿ.”

ಎರಡು ಸಾಲು ಇತ್ತು. ಸೋಮವಾರ ಹೊಸ ಸೈಟಿಗೆ ಬರಬೇಕು, ಹಳೆಯ ಜಾಗಕ್ಕೆ ಹೋಗಬೇಡ ಎಂದು. ಓದಿದೆ. ಇನ್ನೊಮ್ಮೆ ಓದ್ರಿ ಎಂದ. ಒಂದೊಂದು ಪದದ ಕೆಳಗೆ ಬೆರಳಿಟ್ಟು, ನಿಧಾನವಾಗಿ, ಇನ್ನೊಮ್ಮೆ ಓದಿದೆ. ಅವನು ಬಗ್ಗಿ ನನ್ನ ಬೆರಳನ್ನೇ ನೋಡುತ್ತಿದ್ದ. ಅಷ್ಟರಲ್ಲಿ ಅವನ ಬಸ್ಸು ಬಂತು.