ಹಳ್ಳದ ಫೀ

ನಮ್ಮೂರು ಯರಗುಪ್ಪಿಯಲ್ಲಿ ಮಕ್ಕಳನ್ನು ಓದಿಸುತ್ತಿದ್ದುದು ಮೆಣಸಿನಕಾಯಿ. ಬ್ಯಾಡಗಿ ಪೇಟೆಯಲ್ಲಿ ರೇಟು ಏರಿದ ವರ್ಷ ಮಗ ಎಂಜಿನಿಯರಿಂಗಿಗೆ, ಇಳಿದ ವರ್ಷ ಬಿ.ಎ.ಗೆ. ರೇಟೇ ಇಲ್ಲದ ವರ್ಷ ಹೊಲದ ತುಂಡೊಂದು ಹೋಗುತ್ತಿತ್ತು. ನಾನು ಆ ಕೊನೆಯ ವರ್ಗದವನು. ನನ್ನ ಡಿಗ್ರಿಗೆಂದು ಮಾರಿದ ತುಂಡಿನಲ್ಲಿ ಈಗ ಬೇರೆಯವರ ಹತ್ತಿ. ಆ ದಾರಿ ಹಿಡಿದಾಗ ನಾನು ಯಾಕೋ ಇನ್ನೊಂದು ಬದಿಗೆ ನೋಡುತ್ತೇನೆ.

ಅಣ್ಣನ ಮಗಳು ಈ ಲೆಕ್ಕವನ್ನೇ ಕೆಡಿಸಿದಳು. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಪರಿಸರ ವಿಜ್ಞಾನದ ಎಂ.ಎಸ್ಸಿ. ಮಾಡುತ್ತಾಳಂತೆ.

"ಪರಿಸರ ಕಲಿಯಾಕ ರೊಕ್ಕ ಯಾಕಬೇ? ಹೊಲಕ್ಕ ಬಾ, ಪುಕ್ಕಟೆ ಐತಿ" ಎಂದ ಅಣ್ಣ.

"ಬೆಣ್ಣಿಹಳ್ಳ ಹೊಲದಾಗ ಯಾಕ ನುಗ್ಗತೈತಿ ಅಂತ ತಿಳ್ಕೋಬೇಕಪ್ಪಾ."

"ನುಗ್ಗೂದು ನಮಗ ಗೊತ್ತೈತಿ."

ಅವನಿಗೆ ಗೊತ್ತಿದ್ದುದು ನುಗ್ಗುವುದಷ್ಟೇ. ಎರಿ ನೆಲ ನೀರನ್ನು ಬೇಗ ಹೀರುವುದಿಲ್ಲ, ಹಳ್ಳದ ಒಡಲಲ್ಲಿ ಹೂಳು, ಮೇಲೆ ಜಾಲಿಕಂಟಿ ಎಂದು ಹುಡುಗಿ ಬಿಡಿಸಿ ಹೇಳಿದಾಗ ಸುಮ್ಮನಾದ.

ಇನ್ನು ರೊಕ್ಕ. ರಾಜ್ಯ ಸರ್ಕಾರ 2021ರಲ್ಲಿ ತಂದ ರೈತ ವಿದ್ಯಾನಿಧಿಯಲ್ಲಿ ಸ್ನಾತಕೋತ್ತರ ಓದುವ ಹುಡುಗರಿಗೆ ವರ್ಷಕ್ಕೆ 10,000 ರೂಪಾಯಿ, ಹುಡುಗಿಯರಿಗೆ 11,000 ಇಟ್ಟಿದ್ದರು. ಹೆಣ್ಣಾಗಿ ಹುಟ್ಟಿದ್ದಕ್ಕೆ ಸಾವಿರ ಹೆಚ್ಚು ಸಿಗುವುದು ನಮ್ಮ ಮನೆತನದಲ್ಲಿ ಇದೇ ಮೊದಲು ಎಂದು ಅವ್ವ ಹಿಗ್ಗಿದಳು. ಆದರೆ ಅದಕ್ಕೆ ಎಫ್‌ಐಡಿ, ಅಂದರೆ ಹೊಲ ಹೆಸರಲ್ಲಿರುವ ರೈತನ ನೋಂದಣಿ ಸಂಖ್ಯೆ ಬೇಕಿತ್ತು. ನಮ್ಮ ಹೊಲದ ಉತಾರದಲ್ಲಿ ಇನ್ನೂ ಅಜ್ಜನೇ ಇದ್ದಾನೆ. ಆಧಾರ್ ಕಾರ್ಡು ಹುಟ್ಟುವ ಮೊದಲೇ ತೀರಿಕೊಂಡ ಅಜ್ಜ. ವಾರಸಾ ಮಾಡಿಸೋಣವೆಂದರೆ ಎಂದೂ ಮುಖ ತೋರಿಸದ ಕಾಕಾಗಳೆಲ್ಲ ಒಮ್ಮೆಲೇ ಹುಡುಗಿಯ ಕ್ಷೇಮ ಕೇಳತೊಡಗಿದರು.

ಮುಂದೆ ನೆಟ್ ಬರೆದು ಜೆಆರ್‌ಎಫ್ ಹೊಡೆದರೆ ಸಂಶೋಧನೆಗೆ ತಿಂಗಳಿಗೆ 37,000 ರೂಪಾಯಿ ಇದೆ. ದೊಡ್ಡ ದುಡ್ಡೆಲ್ಲ ಹೊಳೆಯ ಆಚೆ ದಂಡೆಯಲ್ಲಿ. ದಾಟುವ ಎರಡು ವರ್ಷಕ್ಕೆ ದೋಣಿ ನಾವೇ ಕಟ್ಟಿಕೊಳ್ಳಬೇಕು. ಹಿಂದೆ ದೋಣಿ ಕಟ್ಟಿಕೊಟ್ಟವರೂ ಇದ್ದರು. 1906ರಲ್ಲಿ ತೀರಿಕೊಂಡ ಸಿರಸಂಗಿ ಲಿಂಗರಾಜ ದೇಸಾಯಿಯವರು ನವಲಗುಂದ-ಸಿರಸಂಗಿ ಸಂಸ್ಥಾನದ ಆಸ್ತಿಯನ್ನೇ ತಮ್ಮ ಸಮಾಜದ ಮಕ್ಕಳ ಓದಿಗೆ ಬರೆದಿಟ್ಟವರು. ಅವರ ಹೆಸರು ಹೇಳಿ ನಿಟ್ಟುಸಿರು ಬಿಡುವುದು ನಮ್ಮ ಕಟ್ಟೆಯ ಹಿರಿಯರಿಗೆ ರೂಢಿ. ಕಿಸೆಗೆ ಕೈ ಹಾಕುವುದು ಅಷ್ಟೊಂದು ರೂಢಿಯಿಲ್ಲ.

ಕೊನೆಗೆ ರೇಟು ಏರುವವರೆಗೆ ಕಾಯದೆ ಅಣ್ಣ ಕಡ್ಲಿ ಮಾರಿ ಹಾಸ್ಟೆಲಿಗೆ ಕಟ್ಟಿದ. ಕಟ್ಟಿದ ಮೇಲೆ ಅವನ ದನಿಯೇ ಬೇರೆ. ಈಗ ಮೋಡ ಕಟ್ಟಿದರೆ ಸಾಕು, ಶಂಕರಘಟ್ಟಕ್ಕೆ ಫೋನು:

"ಹಳ್ಳ ಏರಾಕತ್ತೈತಿ. ನಿಮ್ಮ ಸರ್‌ಗೆ ಹೇಳು, ಫೀ ತುಂಬೇವಿ ಅಂತ."