ಹದಿನಾಲ್ಕು ವರ್ಷ ಮಲಗಿದ್ದ ಎಂಜಿನ್

ಇಂಡಿ ತಾಲ್ಲೂಕಿನ ಒಂದು ನಿಂಬೆ ತೋಟ. ಬಾವಿಯ ದಂಡೆಗೆ ಕಲ್ಲುಗೋಡೆಯ ಪುಟ್ಟ ಖೋಲಿ. ಅದರೊಳಗೆ ಎರಡು ದೊಡ್ಡ ಕಬ್ಬಿಣದ ಚಕ್ರಗಳ ನಡುವೆ ಸಿಕ್ಕಿಕೊಂಡಂತೆ ಕುಳಿತ ಒಂದು ಸಿಲಿಂಡರಿನ ಡೀಸೆಲ್ ಎಂಜಿನ್. ಬಾವಿಗೆ ಕರೆಂಟಿನ ಮೋಟಾರು ಬಂದ ದಿನದಿಂದ ಅದಕ್ಕೆ ಕೆಲಸವಿಲ್ಲ. ಹದಿನಾಲ್ಕು ವರ್ಷ ಕೋಳಿಗಳು ಅದರ ಮೇಲೆ ಮಲಗಿದ್ದವು. ಗುಜರಿಯವನು ವರ್ಷಕ್ಕೊಮ್ಮೆ ಬಂದು ಕಿಲೋ ಲೆಕ್ಕದಲ್ಲಿ ಬೆಲೆ ಹೇಳಿ ಹೋಗುತ್ತಿದ್ದ. ಮನೆಯ ಅಜ್ಜಿ ಕೊಡಲು ಒಪ್ಪಿರಲಿಲ್ಲ. ಅವರ ಯಜಮಾನರು ಸಾಲ ಮಾಡಿ ತಂದದ್ದು ಅದು.

ಒಂದು ವರ್ಷ ಮಾರ್ಚ್ ಕೊನೆಗೆ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಯಿತು. ಬಾವಿಯಲ್ಲಿ ಎರಡಾಳು ನೀರಿತ್ತು, ಗಿಡದ ಬುಡದಲ್ಲಿ ಇರಲಿಲ್ಲ. ಬೇಸಿಗೆಯಲ್ಲಿ ನೀರು ತಪ್ಪಿದರೆ ನಿಂಬೆ ಮೊದಲು ಕಾಯಿ ಉದುರಿಸುತ್ತದೆ, ಆಮೇಲೆ ಟೊಂಗೆ ಒಣಗುತ್ತದೆ. ಇಂಡಿಯ ನಿಂಬೆಗೆ 2023ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದ್ದು ದೊಡ್ಡ ಸುದ್ದಿಯೇ. ಆದರೆ ಮಾನ್ಯತೆಯ ಕಾಗದದಿಂದ ಗಿಡದ ಬುಡ ತೋಯುವುದಿಲ್ಲ. ನಾರಾಯಣಪುರ ಎಡದಂಡೆ ಕಾಲುವೆಯ ಇಂಡಿ ಶಾಖೆ ಸಿಂದಗಿ ಸೀಮೆ ದಾಟಿ ಈ ತಾಲ್ಲೂಕಿಗೂ ಬಂದಿದೆಯಾದರೂ ಈ ತೋಟ ದಿಬ್ಬದ ಮೇಲಿದೆ. ಕಾಲುವೆಗೆ ದಿಬ್ಬ ಏರಲು ಬರುವುದಿಲ್ಲ.

ಮನೆಯ ಮಗ ದ್ವಿತೀಯ ಪಿಯುಸಿ ಬರೆದು ಸಿಇಟಿಗೆ ಓದುತ್ತಿದ್ದ. "ಆ ಇಂಜಿನ್ ಚಾಲೂ ಮಾಡಿದ್ರ ಹೆಂಗಪ್ಪಾ?" ಎಂದು ಕೇಳಿದ್ದೇ ತಪ್ಪಾಯಿತು. "ನೀ ಓದು. ಕೈ ಮಸಿ ಮಾಡ್ಕೊಳ್ಳಾಕ ನಿನ್ನ ಕಾಲೇಜಿಗೆ ಕಳಸಿಲ್ಲ," ಎಂದರು ತಂದೆ. ಅವರ ಮಾತನ್ನು ಒರಟು ಎನ್ನಲಾಗದು. ಈ ಸೀಮೆಯಲ್ಲಿ ಮಗನನ್ನು ಹೊಲದಿಂದ ದೂರ ಇಟ್ಟು ಓದಿಸುವುದೇ ತಂದೆಯಾದವನ ದೊಡ್ಡ ದುಡಿಮೆ. ಅಜ್ಜಿ ಮಾತ್ರ ಸುಮ್ಮನೆ ಬಸವನ ಬಾಗೇವಾಡಿ ಕಡೆಗೆ ಫೋನು ಮಾಡಿಸಿದರು.

ಅಲ್ಲಿಂದ ಬಂದ ಮಿಸ್ತ್ರಿಗೆ ವಯಸ್ಸು ಎಪ್ಪತ್ತರ ಹತ್ತಿರ. ಮಗಳನ್ನು ಇದೇ ಊರಿಗೆ ಕೊಟ್ಟಿದ್ದರಿಂದ ದಾರಿ ಹೊಸದಲ್ಲ. ಮೀಸೆ ಮೂಡುವ ಮೊದಲೇ ಆಲಮಟ್ಟಿ ಅಣೆಕಟ್ಟಿನ ಕೆಲಸದಲ್ಲಿ ಡಂಪರ್‌ಗಳ ಕೆಳಗೆ ಮಲಗಿ ಸ್ಪಾನರ್ ಹಿಡಿದವರು. ಆ ಅಣೆಕಟ್ಟಿಗೆ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟಿದ್ದು 1964ರ ಮೇ 22ರಂದು. ಡಂಪರ್‌ನಂಥ ಭಾರೀ ಯಂತ್ರಗಳನ್ನು ನಮ್ಮಲ್ಲೇ ಮಾಡಲು ಬೆಂಗಳೂರಿನಲ್ಲಿ ಬಿಇಎಂಎಲ್ ಹುಟ್ಟಿದ್ದೂ ಅದೇ ತಿಂಗಳು. ಕಲ್ಲು ಮಣ್ಣು ಹೇರಿಕೊಂಡು ಬಂದು ಬೆನ್ನೆತ್ತಿ ಸುರಿಯುವ ಡಂಪರ್ ಎಲ್ಲಿ, ಬಾವಿಯ ಮೇಲಿನ ಈ ಎಂಜಿನ್ ಎಲ್ಲಿ ಎಂದು ಹುಡುಗ ಕೇಳಿದ. ಮುದುಕರು ನಕ್ಕರು: "ಅದು ಆರು ಮಕ್ಕಳ ತಾಯಿ, ಇದು ಒಂದ ಮಗೂನ ತಾಯಿ. ಹಸಿವು ಎಲ್ಲಾಕೂ ಒಂದ, ತಮ್ಮಾ."

ಮೊದಲ ದಿನ ಅವರು ಚೀಲವನ್ನೇ ಬಿಚ್ಚಲಿಲ್ಲ. ಎಂಜಿನ್ ಸುತ್ತ ಮೂರು ಸಲ ತಿರುಗಿ, ಕೂತು, ಚಹಾ ಕುಡಿದು, "ಪ್ಲಗ್ ಎಲ್ಲೈತಿ ತೋರಿಸು," ಎಂದರು. ನಾಲ್ಕು ಹೊಡೆತದ ಎಂಜಿನ್ನಿನ ಚಿತ್ರ ಬರೆದು ಪೂರ್ತಿ ಅಂಕ ಪಡೆದಿದ್ದ ಹುಡುಗ ತಲೆಯಿಂದ ಬುಡದವರೆಗೆ ಹುಡುಕಿದ. ಇರಲಿಲ್ಲ. ಇರುವುದೂ ಇಲ್ಲ! ಸೈಕಲ್ ಪಂಪು ಜೋರಾಗಿ ಹೊಡೆದಾಗ ಅದರ ತುದಿ ಬಿಸಿಯಾಗುವುದನ್ನು ಎಲ್ಲರೂ ಕಂಡಿದ್ದಾರೆ. ಡೀಸೆಲ್ ಎಂಜಿನ್ನಿನೊಳಗೆ ಗಾಳಿಯನ್ನು ಸುಮಾರು ಹದಿನೇಳನೆಯ ಒಂದು ಪಾಲಿಗೆ ಹಿಂಡಿದಾಗ ಅದರ ಶಾಖ 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಆ ಕ್ಷಣಕ್ಕೆ ಸಿಂಪಡಿಸಿದ ಎಣ್ಣೆ ಕಿಡಿಯಿಲ್ಲದೆ ಹೊತ್ತಿಕೊಳ್ಳುತ್ತದೆ. ಜರ್ಮನಿಯ ರುಡಾಲ್ಫ್ ಡೀಸೆಲ್ 1897ರಲ್ಲಿ ಸಾಧಿಸಿ ತೋರಿಸಿದ್ದು ಇದನ್ನೇ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಇಂಥ ಒಂದು ಎಂಜಿನ್ ಓಡಿದ್ದು ಶೇಂಗಾ ಎಣ್ಣೆಯಿಂದ ಎಂಬುದನ್ನು ಶೇಂಗಾ ಬೆಳೆಯುವ ವಿಜಯಪುರ ಜಿಲ್ಲೆಯ ಮಕ್ಕಳಿಗೆ ಹೇಳಲೇಬೇಕು.

ತೋಟದ ಎಂಜಿನ್ ಲಿಸ್ಟರ್ ಮಾದರಿಯದು. ಇಂಗ್ಲೆಂಡಿನ ಡರ್ಸ್ಲಿ ಎಂಬ ಊರಿನ ಲಿಸ್ಟರ್ ಕಂಪನಿ 1930ರ ಸುಮಾರಿಗೆ ತಂದ ಐದು ಅಶ್ವಶಕ್ತಿಯ ಎಂಜಿನ್ ನಿಮಿಷಕ್ಕೆ 600 ಸುತ್ತು ತಿರುಗುವ ನಿಧಾನಿ. ನಿಧಾನವೇ ಅದರ ಆಯುಷ್ಯ. ಅಲ್ಲಿ 1987ರಲ್ಲಿ ನಿಂತರೂ ಗುಜರಾತಿನ ರಾಜಕೋಟದಲ್ಲಿ ಅದರ ತದ್ರೂಪುಗಳು ಹುಟ್ಟುತ್ತಲೇ ಇದ್ದವು. ಲಿಸ್ಟರ್, ಪೆಟರ್ ಕಂಪನಿಗಳ ಬೇರೆ ಬೇರೆ ಎಂಜಿನ್‌ಗಳನ್ನು ಕೂರಿಸಿದ ಹಳೆಯ ಪುಟ್ಟ ಡಂಪರ್‌ಗಳನ್ನು ಇಂಗ್ಲೆಂಡಿನ ಜನ ಬಿಡುವಿನಲ್ಲಿ ರಿಪೇರಿ ಮಾಡಿ ಜಾತ್ರೆಯಂತೆ ಸೇರಿ ಓಡಿಸುತ್ತಾರೆ. ಅಲ್ಲಿ ಅದು ಹವ್ಯಾಸ. ಇಂಡಿಯ ತೋಟದಲ್ಲಿ ಮಾತ್ರ ಕಾಯಿ ಉದುರುತ್ತಿತ್ತು.

ಚಕ್ರ ತಿರುಗಲೊಲ್ಲದು. ಪಿಸ್ಟನ್ ಸಿಲಿಂಡರಿಗೆ ತುಕ್ಕಿನಿಂದ ಕಚ್ಚಿಕೊಂಡಿತ್ತು. ತಂದೆ ಸುತ್ತಿಗೆ ತಂದರು. ಮಿಸ್ತ್ರಿ ಅದನ್ನು ಇಸಿದುಕೊಂಡು ತಮ್ಮ ಕೆಳಗಿಟ್ಟುಕೊಂಡು ಕುಳಿತರು. ಎರಕದ ಕಬ್ಬಿಣ ಬಗ್ಗುವುದಿಲ್ಲ, ಸೀಳುತ್ತದೆ. ಸಿಲಿಂಡರಿನ ತಲೆ ಬಿಚ್ಚಿ, ಸೀಮೆಎಣ್ಣೆಯನ್ನೂ ಡೀಸೆಲನ್ನೂ ಬೆರೆಸಿ ಹೊಯ್ದು ಬಿಟ್ಟರು. ದಿನಕ್ಕೆರಡು ಸಲ ಚಕ್ರವನ್ನು ಮೆಲ್ಲಗೆ ಹಿಂದಕ್ಕೂ ಮುಂದಕ್ಕೂ ನೂಕುವುದು, ಅಷ್ಟೇ ಕೆಲಸ. ಮೂರು ದಿನ ಏನೂ ಆಗಲಿಲ್ಲ. ನಾಲ್ಕನೆಯ ದಿನ ಚಕ್ರ ನಾಲ್ಕು ಬೆರಳು ಜರುಗಿತು. ಅಜ್ಜಿ ಕುಂಕುಮ ತಂದರು. ಇನ್ನೂ ತಡೀರಿ ಎಂದರು ಮಿಸ್ತ್ರಿ.

ಪಿಸ್ಟನ್ ರಿಂಗುಗಳು ಸವೆದಿದ್ದವು. ಸಿಂದಗಿಯ ಲೇಥ್ ಅಂಗಡಿಯಲ್ಲಿ ಸಿಲಿಂಡರ್ ತೋರಿಸಿ ಅಳತೆಗೆ ಸರಿಯಾದ ರಿಂಗು ತಂದರು. ನಾಜಲ್ ಸಿಕ್ಕಿದ್ದು ಮುದ್ದೇಬಿಹಾಳದ ಹಳೆಯ ಸಾಮಾನಿನ ಅಂಗಡಿಯಲ್ಲಿ. ವಾಲ್ವುಗಳನ್ನು ಪೇಸ್ಟ್ ಹಚ್ಚಿ ಅವುಗಳ ಕುಳಿಯಲ್ಲೇ ತಿಕ್ಕುವ ಕೆಲಸ ಹುಡುಗನ ಪಾಲಿಗೆ ಬಂತು. ತಿಕ್ಕಿದ ಮೇಲೆ ಸೀಮೆಎಣ್ಣೆ ಹೊಯ್ದು ನೋಡಬೇಕು, ಒಂದು ಹನಿ ಜಿನುಗಿದರೂ ಮತ್ತೆ ಮೊದಲಿನಿಂದ. ಆರು ಸಲ ಜಿನುಗಿತು.

ಒಂದು ಕೆಲಸದಲ್ಲಿ ಮಾತ್ರ ಹುಡುಗನೇ ಗುರುವಾದ. ಸಿಲಿಂಡರಿನ ಸುತ್ತ ತಣ್ಣೀರು ಹರಿಯುವ ದಾರಿಯಲ್ಲಿ ಬಾವಿಯ ಗಡಸು ನೀರಿನ ಸುಣ್ಣ ಹೊಪ್ಪಳಿಕೆಯಾಗಿ ಕಟ್ಟಿತ್ತು. ಕೆರೆಯಲು ಕೈ ಹೋಗದು. ಕ್ಯಾಲ್ಸಿಯಂ ಕಾರ್ಬೊನೇಟಿಗೆ ಆಮ್ಲ ತಾಗಿದರೆ ಏನಾಗುತ್ತದೆ ಎಂಬುದು ಹತ್ತನೆಯ ತರಗತಿಯ ಪಾಠ. ಉದುರಿದ ನಿಂಬೆಕಾಯಿ ತೋಟದ ತುಂಬ ಬಿದ್ದಿದ್ದವು. ಅಕ್ಕತಂಗಿಯರನ್ನು ಕೂರಿಸಿ ಬಕೆಟ್ಟಿಗೆ ಹಿಂಡಿಸಿದ, ಸೋಸಿ ಒಳಗೆ ತುಂಬಿದ. ರಾತ್ರಿಯೆಲ್ಲ ಬುಸುಬುಸು ನೊರೆ. ಬೆಳಿಗ್ಗೆ ಬೂದು ಕೆಸರು ಹೊರಗೆ ಬಂತು. ಆಮ್ಲ ಕಬ್ಬಿಣವನ್ನೂ ತಿನ್ನುತ್ತದೆಂದು ಮೂರು ಸಲ ನೀರು ಹೊಯ್ದು ತೊಳೆದ. ಮಿಸ್ತ್ರಿ ಕೆಸರನ್ನು ಬೆರಳಲ್ಲಿ ತೀಡಿ ನೋಡಿ, "ಡ್ಯಾಮಿನ್ಯಾಗ ಇದು ನಮಗ ಗೊತ್ತಿರಲಿಲ್ಲ," ಎಂದರು. ಆ ಮಾತು ತಂದೆಯ ಕಿವಿಗೂ ಬಿತ್ತು.

ಎಲ್ಲ ಜೋಡಿಸಿ ಹ್ಯಾಂಡಲ್ ಹಾಕಿದರು. ಹೆಬ್ಬೆರಳು ಉಳಿದ ಬೆರಳುಗಳ ಬದಿಗೇ ಇರಬೇಕು. ಎಂಜಿನ್ ತಿರುಗಿ ಒದ್ದರೆ ಸುತ್ತಿ ಹಿಡಿದ ಹೆಬ್ಬೆರಳು ಮುರಿಯುತ್ತದೆ. ತಲೆಯ ಮೇಲಿನ ಸಣ್ಣ ಹಿಡಿಕೆಯನ್ನು ಎತ್ತಿ ವಾಲ್ವು ತೆರೆದಿಟ್ಟು ಚಕ್ರಕ್ಕೆ ವೇಗ ಬಂದಾಗ ಹಿಡಿಕೆ ಬಿಡಬೇಕು. ತಂದೆ ತಿರುಗಿಸಿದರು, ಮಗ ತಿರುಗಿಸಿದ. ಉಸಿರು ಬಂತು, ಜೀವ ಬರಲಿಲ್ಲ. ಮಿಸ್ತ್ರಿಗೆ ಕಾರಣ ಗೊತ್ತಿತ್ತು. ಹೇಳದೆ ಮಗಳ ಮನೆಗೆ ಊಟಕ್ಕೆ ಹೊರಟರು. "ರಾತ್ರಿ ವಿಚಾರ ಮಾಡು. ಕೈ ಹಚ್ಚಬ್ಯಾಡ."

ಗಾಳಿ ಹಿಂಡುತ್ತಿದೆ, ಸರಿ. ಟಾಕಿಯಲ್ಲಿ ಡೀಸೆಲ್ ಇದೆ, ಅದೂ ಸರಿ. ಆದರೆ ನಾಜಲ್ ಸಿಂಪಡಿಸುವಾಗ ಬರಬೇಕಾದ ಚಿರ್ ಸದ್ದು ಬಂದಿರಲಿಲ್ಲ. ನಾಜಲ್ ತೆರೆಯಲು ಚದರ ಸೆಂಟಿಮೀಟರಿಗೆ 100 ಕಿಲೋಗ್ರಾಂಗೂ ಹೆಚ್ಚು ಒತ್ತಡ ಬೇಕು. ಒತ್ತಡ ಎಲ್ಲಿ ಕಳೆದುಹೋಯಿತು? ಹಾಸಿಗೆಯಲ್ಲಿ ಹುಡುಗನಿಗೆ ಪಾಸ್ಕಲ್ ನೆನಪಾದ. ದ್ರವ ಕುಗ್ಗದು, ಒತ್ತಿದ್ದನ್ನು ಹಾಗೆಯೇ ದಾಟಿಸುತ್ತದೆ, ಗಾಳಿ ಕುಗ್ಗುತ್ತದೆ. ಬಿಚ್ಚಿ ಜೋಡಿಸಿದ ಕೊಳವೆಯಲ್ಲಿ ಕಡಲೆಕಾಳಿನಷ್ಟು ಗಾಳಿ ಉಳಿದಿದ್ದರೂ ಪಂಪಿನ ಬಲವೆಲ್ಲ ಅದನ್ನು ಅಮುಕುವುದರಲ್ಲೇ ಮುಗಿಯುತ್ತದೆ. ಬೆಳಗಾಗುವುದನ್ನು ಕಾಯದೆ ಅಪ್ಪನನ್ನು ಎಬ್ಬಿಸಿ ಹೇಳಿದ. ಅಪ್ಪ ಬೈಯಲಿಲ್ಲ. "ಗಾಳಿ ಹೊರಗ ತಗಿಯೂದು ಹೆಂಗ?" ಎಂದು ಕೇಳಿದರು.

ಬೆಳಿಗ್ಗೆ ಮಿಸ್ತ್ರಿಯ ಎದುರು ಕೊಳವೆಯ ನಟ್ಟು ಸಡಿಲಿಸಿ ಪಂಪು ಒತ್ತಿದರು. ಗುಳ್ಳೆ, ಗುಳ್ಳೆ, ಆಮೇಲೆ ಬರೀ ಡೀಸೆಲ್. ನಾಜಲಿನ ಮುಂದೆ ಅಂಗೈ ಹಿಡಿಯಹೋದ ತಂಗಿಯನ್ನು ಮುದುಕರು ರಟ್ಟೆ ಹಿಡಿದು ಎಳೆದರು. ಆ ಎಣ್ಣೆಯ ಎಳೆ ಚರ್ಮ ತೂರಿ ಒಳಗೆ ಹೋಗುತ್ತದೆ. ನಟ್ಟು ಬಿಗಿದು ಮತ್ತೆ ಒತ್ತಿದಾಗ ಚಿರ್ ಎಂದಿತು.

ಮೂರನೆಯ ಸುತ್ತಿಗೆ ಹಿಡಿಕೆ ಬಿಟ್ಟರು. ಡುಗ್. ಮತ್ತೆ ಡುಗ್. ಖೋಲಿಯ ತುಂಬ ಬಿಳಿ ಹೊಗೆ. ಕೋಳಿಗಳು ಕೂಗುತ್ತ ಓಡಿದವು. ಸ್ವಲ್ಪ ಹೊತ್ತಿಗೆ ಹೊಗೆ ತೆಳುವಾಯಿತು, ಸದ್ದು ಸಮವಾಯಿತು. ಅಜ್ಜಿ ಹೊರಗೆ ಕಟ್ಟೆಯ ಮೇಲೆ ಕಣ್ಣು ಮುಚ್ಚಿ ಕೂತಿದ್ದರು, ಕುಂಕುಮದ ಬಟ್ಟಲು ಮಡಿಲಲ್ಲೇ ಇತ್ತು.

ಸಂಜೆಗೆ ನೀರು ಹನ್ನೊಂದನೆಯ ಸಾಲು ಮುಟ್ಟಿತು. ಪಂಪಿನ ಬುಡದಲ್ಲಿ ಇನ್ನೂ ಸೋರುತ್ತಿತ್ತು, ಅದಕ್ಕೆ ಹೊಸ ಹಗ್ಗ ಸುತ್ತಬೇಕು ಎಂದು ಹೇಳಿ ಮಿಸ್ತ್ರಿ ಬಾಗೇವಾಡಿಯ ಬಸ್ಸು ಹಿಡಿದರು. ಹುಡುಗ ಪುಸ್ತಕ ತಂದು ಖೋಲಿಯ ಬಾಗಿಲಲ್ಲಿ ಓದಲು ಕೂತ. ತಂದೆ ಸಲಿಕೆ ಹಿಡಿದು ಹನ್ನೆರಡನೆಯ ಸಾಲಿಗೆ ನೀರು ತಿರುಗಿಸಿದರು.