ವಿಮಾನ ನಿಲ್ದಾಣದ ವಿಶ್ರಾಂತಿಮಂದಿರ

ಪುಣೆಯಲ್ಲಿರುವ ನಮ್ಮ ಮಗಳ ಮನೆಯಲ್ಲಿ ಮೊಮ್ಮಗನ ನಾಮಕರಣವೆಂದು ಕಳೆದ ಮಾಘಮಾಸದಲ್ಲಿ ನಾವೂ ನಮ್ಮ ಸಹಧರ್ಮಿಣಿಯೂ ವಿಮಾನಮಾರ್ಗವಾಗಿ ಹೊರಟೆವು. ಯಾತ್ರೆಗೆ ಬುತ್ತಿ ಕಟ್ಟುವುದು ನಮ್ಮ ಮನೆಯ ಹಳೆಯ ರೂಢಿ. ಅಂದು ಮಾತ್ರ ಮಗನು, “ಅಪ್ಪ, ನಿಲ್ದಾಣದ ಲೌಂಜಿನಲ್ಲಿ ಬಿಸಿ ತಿಂಡಿ ಸಿಗುತ್ತದೆ, ನಿಮ್ಮ ಕ್ರೆಡಿಟ್ ಕಾರ್ಡು ತೋರಿಸಿದರೆ ಸಾಕು, ಅವಲಕ್ಕಿಯ ಡಬ್ಬಿಯೇಕೆ?” ಎಂದನು. ಡಬ್ಬಿಯು ಅಡಿಗೆಮನೆಯಲ್ಲಿಯೇ ಉಳಿಯಿತು.

ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣವು 2008ರಲ್ಲಿ ಆರಂಭವಾದುದು. ಅದರ ಎರಡನೆಯ ಟರ್ಮಿನಲ್ 2022ರ ನವೆಂಬರಿನಲ್ಲಿ ಉದ್ಘಾಟಿತವಾಯಿತು. ಬಿದಿರಿನಿಂದ ಅಲಂಕೃತವಾದ ಮೇಲ್ಛಾವಣಿ, ತೂಗುವ ಹಸುರು ಬಳ್ಳಿಗಳು, ನೀರಿನ ಝರಿಗಳು ಇವುಗಳಿಂದ ಕೂಡಿದ ಆ ಕಟ್ಟಡವನ್ನು ಹೊಕ್ಕವನಿಗೆ ಉದ್ಯಾನವನ್ನು ಪ್ರವೇಶಿಸಿದಂತೆಯೇ ಆಗುವುದು. ಭದ್ರತಾ ತಪಾಸಣೆಯು ಮುಗಿದೊಡನೆ ನಾವು ಲೌಂಜಿನ ಬಾಗಿಲನ್ನು ಹುಡುಕಿದೆವು. ಮನೆಯವರಿಗೆ ಮಧುಮೇಹ. ತಿಂಡಿಯು ಕೂಡಲೆ ದೊರೆಯುವುದೆಂಬ ನಂಬಿಕೆಯಿಂದ ಅವರು ಮೊದಲೇ ಇನ್ಸುಲಿನ್ ಚುಚ್ಚಿಕೊಂಡುಬಿಟ್ಟಿದ್ದರು.

ಬಾಗಿಲಿನಲ್ಲಿ ಉದ್ದವಾದ ಸಾಲು. ನಮ್ಮ ಸರದಿಯು ಬರುವಷ್ಟರಲ್ಲಿ ಬಹಳ ಹೊತ್ತು ಕಳೆಯಿತು. ಮೇಜಿನ ಹಿಂದಿದ್ದ ಹುಡುಗಿಯು ಕಾರ್ಡನ್ನು ಯಂತ್ರಕ್ಕೆ ತೋರಿಸಿ, “ಸರ್, ಇದಕ್ಕೆ ಪ್ರವೇಶವಿಲ್ಲ” ಎಂದಳು. ಹಿಂದಿನ ಮೂರು ತಿಂಗಳಲ್ಲಿ ಇಂತಿಷ್ಟು ಹಣವನ್ನು ಆ ಕಾರ್ಡಿನಿಂದ ವೆಚ್ಚಮಾಡಿದವರಿಗೆ ಮಾತ್ರ ಪ್ರವೇಶವೆಂದು ಬ್ಯಾಂಕಿನವರು ನಿಯಮವನ್ನು ಬದಲಾಯಿಸಿದ್ದರಂತೆ. ಪಿಂಚಣಿಯ ಗೃಹಸ್ಥರಾದ ನಾವು ಅಷ್ಟು ವೆಚ್ಚಮಾಡುವುದೆಲ್ಲಿ ಬಂತು! ಪಿಂಚಣಿಯ ಖಾತೆಯ ರೂಪೇ ಕಾರ್ಡನ್ನು ಕೊಟ್ಟೆವು. ಅದು ನಡೆಯಿತು, ಎರಡೇ ರೂಪಾಯಿ ಕಡಿತವಾಯಿತು. ಆದರೆ ಅದು ಒಬ್ಬರಿಗೆ ಮಾತ್ರ, ಅದೂ ಕಾರ್ಡಿನಲ್ಲಿ ಹೆಸರಿದ್ದವರಿಗೆ. ಇನ್ನೊಬ್ಬರಿಗೆ ಹಣ ತೆರಬೇಕಾದರೆ ಸಾವಿರಕ್ಕೆ ಮೇಲ್ಪಟ್ಟ ಮೊತ್ತ.

ಬೆಲೆಯನ್ನು ಕೇಳಿ ನಾವು ಕ್ಷಣಕಾಲ ಹಿಂದೆಗೆದುದು ನಿಜ. “ಎರಡು ಇಡ್ಲಿಗೆ ಸಾವಿರ ರೂಪಾಯಿಯೇ? ನೀವು ಒಳಗೆ ಹೋಗಿ ತಿಂದು ಬನ್ನಿ, ನಾನು ಇಲ್ಲೇ ಕೂತಿರುತ್ತೇನೆ” ಎಂದರು ಮನೆಯವರು. ಹೇಳುತ್ತಿದ್ದಂತೆಯೇ ಅವರ ಹಣೆಯಲ್ಲಿ ಬೆವರೊಡೆಯಿತು, ಕೈ ನಡುಗಿತು. ಅದನ್ನು ನಮಗಿಂತ ಮೊದಲು ಕಂಡವಳು ಆ ಹುಡುಗಿ. ಒಳಗೆ ಓಡಿ ಒಂದು ಲೋಟ ಕಿತ್ತಳೆಯ ರಸವನ್ನು ತಂದು, “ಅಮ್ಮಾ, ಮೊದಲು ಇದನ್ನು ಕುಡಿಯಿರಿ” ಎಂದಳು. ಯಾವ ಕಾರ್ಡನ್ನೂ ಕೇಳಲಿಲ್ಲ. ಐದಾರು ನಿಮಿಷಗಳಲ್ಲಿ ನಡುಕವು ಇಳಿಯಿತು. ಬಳಿಕ ಸಾಮಾನ್ಯ ಪ್ರಯಾಣಿಕರ ಉಪಾಹಾರಗೃಹದಲ್ಲಿ ಇಬ್ಬರೂ ಇಡ್ಲಿ ತಿಂದೆವು. ಪತ್ನಿಯ ಆರೋಗ್ಯವನ್ನೂ ಸಾವಿರ ರೂಪಾಯಿಯನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಿದ ಆ ಒಂದು ಕ್ಷಣವು ಇಂದಿಗೂ ನಮ್ಮನ್ನು ನಾಚಿಸುತ್ತದೆ.

ವಿಶ್ರಾಂತಿಯ ಸ್ಥಳಕ್ಕೆ ದ್ವಾರಪಾಲಕನು ಎಲ್ಲ ಕಾಲದಲ್ಲಿಯೂ ಇದ್ದಾನೆ. ಅವನು ಕೇಳುವ ಪ್ರಶ್ನೆ ಮಾತ್ರ ಬದಲಾಗುತ್ತದೆ. ಹಿಂದಿನ ಛತ್ರಗಳಲ್ಲಿ ಜಾತಿಯನ್ನು ಕೇಳುತ್ತಿದ್ದರು. ರೈಲು ನಿಲ್ದಾಣದ ವಿಶ್ರಾಂತಿಕೊಠಡಿಯಲ್ಲಿ ಟಿಕೇಟಿನ ತರಗತಿಯನ್ನು ಕೇಳಿದರು. 1939ರಲ್ಲಿ ನ್ಯೂಯಾರ್ಕಿನ ಲಗಾರ್ಡಿಯ ನಿಲ್ದಾಣದಲ್ಲಿ ಅಮೆರಿಕನ್ ಏರ್‌ಲೈನ್ಸ್ ಸಂಸ್ಥೆಯವರು ಅಡ್ಮಿರಲ್ಸ್ ಕ್ಲಬ್ ಎಂಬ ಲೌಂಜನ್ನು ತೆರೆದಾಗ ಸಂಸ್ಥೆಯೇ ಆರಿಸಿ ಕರೆದವರಿಗಷ್ಟೆ ಅಲ್ಲಿ ಪ್ರವೇಶ. ಇಂದು ಮೇಲ್ತರಗತಿಯ ಟಿಕೇಟುಳ್ಳವರೂ, ಒಂದೇ ಸಂಸ್ಥೆಯ ವಿಮಾನಗಳಲ್ಲಿ ಮೇಲಿಂದಮೇಲೆ ಹಾರಿ ಪದವಿಯನ್ನು ಗಳಿಸಿದವರೂ ಸಲೀಸಾಗಿ ಒಳಹೋಗುತ್ತಾರೆ. ಮಿಕ್ಕವರಿಗೂ ಮಾರ್ಗಗಳಿಲ್ಲದಿಲ್ಲ. ಅನುಭವದಿಂದ ಕಲಿತುದನ್ನು ಗೃಹಸ್ಥರ ಉಪಯೋಗಕ್ಕಾಗಿ ಇಲ್ಲಿ ಬರೆಯುತ್ತೇವೆ.

ಮೊದಲನೆಯದಾಗಿ, ಹೊರಡುವ ಮುನ್ನವೇ ಬ್ಯಾಂಕಿನವರನ್ನು ಮೂರು ಮಾತು ವಿಚಾರಿಸತಕ್ಕುದು: ಈ ಕಾರ್ಡಿಗೆ ಯಾವ ನಿಲ್ದಾಣದ ಯಾವ ಟರ್ಮಿನಲಿನಲ್ಲಿ ಪ್ರವೇಶವಿದೆ? ಎಷ್ಟು ಸಲ? ಅದಕ್ಕೆ ಮುಂಚಿತವಾಗಿ ಎಷ್ಟು ವೆಚ್ಚಮಾಡಿರಬೇಕು? ಕಳೆದ ವರ್ಷದ ಉತ್ತರವು ಈ ವರ್ಷಕ್ಕೆ ಸಲ್ಲದು. ಎರಡನೆಯದಾಗಿ, ದಂಪತಿಗಳಲ್ಲಿ ಒಬ್ಬೊಬ್ಬರಿಗೂ ಅವರವರ ಹೆಸರಿನ ಕಾರ್ಡಿರಲಿ. ಮೂರನೆಯದಾಗಿ, ಕಾರ್ಡಿಲ್ಲದವರು ಹಣವನ್ನು ತೆತ್ತೂ ಹೋಗಬಹುದು. ಆದರೆ ಸ್ಥಳವಿದ್ದರೆ ಮಾತ್ರ. ಎರಡು ಮೂರು ಗಂಟೆಗಳ ಕಾಲ ಕಾಯಬೇಕಾಗಿದ್ದು ಊಟದ ಹೊತ್ತೂ ಆಗಿದ್ದರೆ ಅದು ದಂಡವಲ್ಲ. ಅರ್ಧ ಗಂಟೆಗಾದರೆ ದಂಡವೇ ಸರಿ. ನಾಲ್ಕನೆಯದಾಗಿ, ಒಳಗೆ ಕುಳಿತವರು ಗಡಿಯಾರವನ್ನು ಮರೆಯಲಾಗದು. ಹೊರಡುವ ವೇಳೆಗೆ ಬಹಳ ಮೊದಲೇ ವಿಮಾನದ ದ್ವಾರವನ್ನು ಮುಚ್ಚುವರು. ಕೂಗಿ ಕರೆಯುವರೆಂದು ನೆಚ್ಚಿಕೊಳ್ಳಬಾರದು.

ಅಂದು ನಮ್ಮ ವಿಮಾನವು ಎರಡು ಗಂಟೆಗೂ ಮೀರಿ ತಡವಾಯಿತು. ಪುಣೆಯಂತಹ ಸಮೀಪದ ಊರಿಗೆ ಹೋಗುವ ವಿಮಾನವು ಎರಡು ಗಂಟೆ ಅಥವಾ ಹೆಚ್ಚು ತಡವಾಗುವುದಾದರೆ, ಸಕಾಲಕ್ಕೆ ಹಾಜರಾದ ಪ್ರಯಾಣಿಕರಿಗೆ ವಿಮಾನಸಂಸ್ಥೆಯವರೇ ಉಪಾಹಾರವನ್ನು ಕೊಡಬೇಕೆಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮವಿದೆ. ಕೇಳಿದೆವು, ಕೊಟ್ಟರು. ಇದಕ್ಕೆ ಯಾವ ಕಾರ್ಡೂ ಬೇಡ. ಕಲ್ಕತ್ತೆಯ ನಿಲ್ದಾಣದಲ್ಲಿ 2024ರ ಡಿಸೆಂಬರಿನಲ್ಲಿ ಸರ್ಕಾರದವರು ‘ಉಡಾನ್ ಯಾತ್ರಿ ಕೆಫೆ’ಯನ್ನು ತೆರೆದು ಹತ್ತು ರೂಪಾಯಿಗೆ ಚಹವನ್ನು ಕೊಡತೊಡಗಿದುದೂ ಸಾಮಾನ್ಯನಿಗೆ ಸಮಾಧಾನದ ಸಂಗತಿಯೇ.

ಮೂರು ತಿಂಗಳ ಬಳಿಕ ಮತ್ತೆ ಪುಣೆಗೆ ಹೋಗಬೇಕಾಯಿತು. ಈ ಸಲ ಇಬ್ಬರ ಕೈಯಲ್ಲಿಯೂ ಕಾರ್ಡುಗಳಿದ್ದುವು. ಎರಡೆರಡು ರೂಪಾಯಿಗಳಿಗೆ ಇಬ್ಬರೂ ಒಳಹೊಕ್ಕೆವು. ಮೆತ್ತನೆಯ ಆಸನ, ಬಿಸಿಯಾದ ಪೊಂಗಲ್, ಒಳ್ಳೆಯ ಕಾಫಿ, ಎಲ್ಲವೂ ಸೊಗಸೇ. ಮನೆಯವರು ಸುತ್ತಲೂ ಕಣ್ಣಾಡಿಸಿ, “ಆ ಹುಡುಗಿ ಇವತ್ತು ಕಾಣಿಸಲಿಲ್ಲವಲ್ಲ” ಎಂದರು. ಅವಳನ್ನು ಕಂಡು ಎರಡು ಮಾತನಾಡಬೇಕೆಂದು ನಮಗೂ ಇದ್ದಿತು.

ಅವರ ಕೈಚೀಲದಲ್ಲಿ ಅವಲಕ್ಕಿಯ ಡಬ್ಬಿಯಿದ್ದಿತು. ಇನ್ನು ಮೇಲೆ ಕಾರ್ಡು ಇರಲಿ ಬಿಡಲಿ, ಅದನ್ನು ಬಿಟ್ಟು ನಾವು ಮನೆಯ ಹೊಸ್ತಿಲನ್ನು ದಾಟುವುದಿಲ್ಲ.